ಹೂಲಿಯ ರಾಣಿ ಬಿಲ್ಲೆ

ಹೋದ ಶ್ರಾವಣದಲ್ಲಿ ರಾಮದುರ್ಗದಿಂದ ಸವದತ್ತಿಗೆ ಹೊರಟಿದ್ದೆ. ಹೂಲಿ ಹತ್ತಿರವಾದಂತೆ ಬಸ್ಸು ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಹೆಸರುಕಾಯಿ ಹರವಿದ್ದರು. ಎರಡು ದಿನ ಹಿಡಿದ ಮಳೆ ಅಂದು ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಒದ್ದೆ ಕಾಯಿ ಬಿಸಿಲಿಗೆ ಬೆವೆತು ಹಸಿಹಸಿ, ಸ್ವಲ್ಪ ಮುಗ್ಗಿದ ವಾಸನೆ ಬಿಡುತ್ತಿತ್ತು. ಪಕ್ಕದಲ್ಲಿ ಕೂತವರು ಕಿಟಕಿ ಎಳೆದುಕೊಂಡರು. ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ. ಆ ವಾಸನೆ ಬಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಒಂದು ಮಳೆಗಾಲವಿಡೀ ಅದೇ ವಾಸನೆಯ ನಡುವೆ ಹೀಗೇ ಬಸ್ಸು ಹತ್ತಿ ಇಳಿದು ಓಡಾಡಿದ್ದೆ, ಒಂದು ಬಂಗಾರದ ಬಿಲ್ಲೆಯ ಬೆನ್ನು ಹತ್ತಿ.

ಆಗ ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ವಯಸ್ಸು ಮೂವತ್ತೊಂದು. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗಬೇಕಾದವಳು ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು. ಪ್ರತಿ ವರ್ಷ ಪಟ್ಟಿ ಬರಬೇಕು, ಅದರಲ್ಲಿ ಹೆಸರಿರಬೇಕು. ಆ ವರ್ಷ ತರಗತಿಗಳು ಶುರುವಾಗಿ ತಿಂಗಳು ದಾಟಿದರೂ ಪಟ್ಟಿ ಬಂದಿರಲಿಲ್ಲ. ಬರುತ್ತದೆಂಬ ನಂಬಿಕೆಯ ಮೇಲೆ ಪಾಠ ಮಾಡುತ್ತಿದ್ದೆವು. ಪಿಎಚ್.ಡಿ. ಅರ್ಧಕ್ಕೆ ನಿಂತಿತ್ತು. ಊರು ರಾಮದುರ್ಗದಿಂದ ಅಣ್ಣ ಪ್ರತಿ ರವಿವಾರ ಫೋನ್ ಮಾಡಿ ಒಂದೊಂದು ವರನ ಹೆಸರು ಹೇಳುತ್ತಿದ್ದ. ನಾನು ಬಾಡಿಗೆ ಕೋಣೆಯ ಕಿಟಕಿಯಲ್ಲಿ ನಿಂತು ಮಳೆ ನೋಡುತ್ತ ಹ್ಞೂಂ, ಹ್ಞೂಂ ಎನ್ನುತ್ತಿದ್ದೆ. ಏನಾದರೊಂದು ಆಗಬೇಕು, ನನ್ನ ಕೈಯಿಂದ ಹೊಸದೊಂದು ಹೊರಬೀಳಬೇಕು ಎಂಬ ಚಡಪಡಿಕೆ ಇತ್ತು.

ಅಂಥ ದಿನಗಳಲ್ಲಿ ಈರಣ್ಣ ಕಾಲೇಜಿಗೆ ಬಂದ. ಹೂಲಿಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಹೊಲ ನೋಡಿಕೊಂಡು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರವನ್ನೂ ಮಾಡುತ್ತಿದ್ದ. ಕಿತ್ತೂರ ಉತ್ಸವಕ್ಕೆ ನಮ್ಮ ವಿಭಾಗದಿಂದ ಹಳೆಯ ವಸ್ತುಗಳ ಸಣ್ಣ ಪ್ರದರ್ಶನ ಇಡುತ್ತೇವೆಂದು ಯಾರೋ ಹೇಳಿದ್ದರಂತೆ. ತಮ್ಮ ಮನೆಯಲ್ಲಿ ಕಿತ್ತೂರ ರಾಣಿಯೇ ಕೊಟ್ಟ ಬಂಗಾರದ ಬಿಲ್ಲೆ ಇದೆ, ಅದರ ಮೇಲೆ ರಾಣಿಯ ಮುಖವಿದೆ ಎಂದ. ಅವರ ಹಿರಿಯರೊಬ್ಬರು ಕಿತ್ತೂರ ಸಂಸ್ಥಾನದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು; ಯುದ್ಧದ ಹೊತ್ತಿಗೆ ಒಂದು ಕಾಗದವನ್ನು ಮುಟ್ಟಿಸಬೇಕಾದ ಕಡೆ ಮುಟ್ಟಿಸಿ ಬಂದರು; ರಾಣಿ ಮೆಚ್ಚಿ ಕೊರಳಿನಿಂದಲೇ ಬಿಚ್ಚಿ ಕೊಟ್ಟಳು; ಅಂದಿನಿಂದ ಅದು ಅತ್ತೆಯಿಂದ ಸೊಸೆಗೆ ಬರುತ್ತಿದೆ. ಇಷ್ಟು ಕಥೆ. ಅದು ರಾಣಿಯದೇ ಎಂದು ನಾನೊಂದು ಪ್ರಮಾಣಪತ್ರ ಬರೆದುಕೊಡಬೇಕಿತ್ತು.

ತಂದು ತೋರಿಸಿ ಎಂದೆ.

"ಅವ್ವ ಕೊಳ್ಳಾಗಿಂದು ತಗಿಯಾಂಗಿಲ್ರಿ ಮೇಡಂ. ನೀವ ಬರಬೇಕಾಗತೈತಿ," ಎಂದ.

ಆ ರವಿವಾರ ಅಣ್ಣನ ಫೋನು ಬರುವ ಮುಂಚೆಯೇ ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಇಳಿದು ಇನ್ನೊಂದು ಬಸ್ಸು. ಹೂಲಿಯಲ್ಲಿ ಗುಡ್ಡದ ಬುಡಕ್ಕೆ, ಗಿಡ ಬೆಳೆದ ಹಳೆಯ ಗುಡಿಗಳ ಆಚೆ ಅವರ ಮನೆ. ಅಂಗಳದ ತಾಡಪತ್ರಿಯ ಮೇಲೆ ಹೆಸರುಕಾಯಿ. ಈರಣ್ಣನ ತಾಯಿ ನೀಲವ್ವ ಅದರ ನಡುವೆ ಕೂತು ಕೊಳೆತದ್ದನ್ನು ಆರಿಸಿ ಎಸೆಯುತ್ತಿದ್ದಳು. ಅರವತ್ತರ ಹತ್ತಿರದ ಎತ್ತರದ ಹೆಂಗಸು, ಕೈತುಂಬ ಹಸಿರು ಬಳೆ, ಬೆರಳೆಲ್ಲ ಕಾಯಿಯ ಕಲೆ ಹಿಡಿದು ಕಪ್ಪಾಗಿದ್ದವು. ಮಗ ಸಡಗರದಿಂದ ನನ್ನ ಪರಿಚಯ ಹೇಳಿದ. ಅವಳು ಮೋಡ ನೋಡಿ, ನನ್ನನ್ನು ನೋಡಿ, ಮೊದಲು ಕಾಯಿ ಒಳಗೆ ಸಾಗಿಸೋಣ ಅಂದಳು. ನಾನೂ ಒಂದು ತುದಿ ಹಿಡಿದೆ. ತಾಡಪತ್ರಿ ಪಡಸಾಲೆಗೆ ಬಂದ ಮೇಲೆ ಮಳೆ ಹೊಯ್ಯಿತು. ಆಮೇಲೆ ಕೈ ಒರೆಸಿಕೊಂಡು, ಕರಿ ದಾರ ಎಳೆದು ಕುಪ್ಪಸದ ಒಳಗಿನಿಂದ ಬಿಲ್ಲೆ ಹೊರತೆಗೆದಳು. ಬಿಚ್ಚಲಿಲ್ಲ. ನಾನೇ ಅವಳ ಎದೆಯ ಹತ್ತಿರಕ್ಕೆ ಬಾಗಿ ನೋಡಬೇಕಾಯಿತು.

ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ದಪ್ಪ. ಹೆಣ್ಣಿನ ಮುಖ, ಬಲಕ್ಕೆ ತಿರುಗಿದೆ. ಕೂದಲನ್ನು ಹೆಣೆದು ನೆತ್ತಿಯ ಮೇಲೆ ತುರುಬು ಕಟ್ಟಿದ್ದಾಳೆ. ತುರುಬಿನ ಮೇಲೆ ದಾರ ಪೋಣಿಸಲು ಎರಡು ತೂತು. ಸುತ್ತಲೂ ಅಕ್ಷರ, ಇಂಗ್ಲಿಷಿನವು.

ತುರುಬಿನ ರಾಣಿ, ಇಂಗ್ಲಿಷ್ ಅಕ್ಷರ, ಬಂಗಾರ. ವಿಕ್ಟೋರಿಯಾ. ಕಿತ್ತೂರನ್ನು ಹಾಳುಗೆಡವಿದವರ ರಾಣಿಯನ್ನು ಕಿತ್ತೂರ ರಾಣಿಯೆಂದು ಈ ಮನೆಯ ಹೆಂಗಸರು ಕೊರಳಲ್ಲಿ ಕಟ್ಟಿಕೊಂಡು ಬಂದಿದ್ದಾರೆ. ಈರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಇನ್ನಷ್ಟು ಅಭ್ಯಾಸ ಮಾಡಬೇಕು ಎಂದು ತೇಲಿಸಿದೆ. ಕೇಳಿಯೇ ಮೊಬೈಲಿನಲ್ಲಿ ಎರಡೂ ಮಗ್ಗುಲು ಫೋಟೋ ತೆಗೆದೆ. ನಿಮ್ಮ ಅಭ್ಯಾಸಕ್ಕಷ್ಟೇ, ಯಾರಿಗೂ ತೋರಿಸಬೇಡಿ ಎಂದು ನೀಲವ್ವ ಹೇಳಿದಳು. ಇಲ್ಲ ಎಂದೆ.

ಬಸ್ಸಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡುತ್ತ ಬಂದೆ. ವಿಕ್ಟೋರಿಯಾ ನಾಣ್ಯದ ಮೇಲೆ ಇಸವಿ ಇರುತ್ತದೆ, ಇಲ್ಲಿ ಇಲ್ಲ. ಅಕ್ಷರವೂ ವಿಕ್ಟೋರಿಯಾ ಅಲ್ಲ. ಡಿ, ಐ, ವಿ, ಎ. ಸ್ವಲ್ಪ ತೆರಪು. ಎಫ್, ಎ, ವಿ, ಎಸ್, ಟಿ. ಮುಂದಿನದು ಸವೆದಿತ್ತು. ಆ ವಾರವೆಲ್ಲ ಪಾಠದಲ್ಲಿ ಮನಸ್ಸಿರಲಿಲ್ಲ. ಹಲಗೆಯ ಮೂಲೆಯಲ್ಲಿ ಆ ಒಂಬತ್ತು ಅಕ್ಷರ ಬರೆಯುವುದು, ಅಳಿಸುವುದು. ಹುಡುಗಿಯೊಬ್ಬಳು ಇದು ಪರೀಕ್ಷೆಗೆ ಬರತೈತೇನ್ರಿ ಎಂದು ಕೇಳಿದಳು. ಗ್ರಂಥಾಲಯದಲ್ಲಿ ನಾಣ್ಯಗಳ ಬಗ್ಗೆ ಇದ್ದದ್ದು ಒಂದೇ ಪುಸ್ತಕ, ಅದೂ ಕದಂಬರ ನಾಣ್ಯಗಳದು. ಕಡೆಗೆ ಅಲ್ಲಿನ ಜವಾನರು ಸವದತ್ತಿಯ ಮುಲ್ಲಾ ಮಾಸ್ತರರ ಹೆಸರು ಹೇಳಿದರು.

ಮುಲ್ಲಾ ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೋಡಕಾ ಎಂಬ ಗುಜರಿ ಅಂಗಡಿಗಳಲ್ಲಿ ಹಳೆಯ ಪಾತ್ರೆಗಳ ನಡುವೆ ನಾಣ್ಯ ಹುಡುಕುವುದು ಅವರ ನಲವತ್ತು ವರ್ಷದ ಚಟ. ಫೋಟೋ ನೋಡಿದರು. ಎದ್ದು ಹೋಗಿ ಕನ್ನಡಕ ಬದಲಿಸಿ ಬಂದು ಮತ್ತೆ ನೋಡಿದರು. ಫೋಟೋದಲ್ಲಿ ಎಲ್ಲರೂ ರಾಣಿಯರೇ, ಕೈಯಲ್ಲಿ ಹಿಡಿಯದೆ ಮಾತಾಡುವುದಿಲ್ಲ ಎಂದರು.

ನೀಲವ್ವನನ್ನು ಒಪ್ಪಿಸಲು ಎರಡು ಸಲ ಹೂಲಿಗೆ ಹೋದೆ. ಕೊನೆಗೆ ಸಂತೆಯ ದಿನ ಮಗನ ಜೊತೆ ಸವದತ್ತಿಗೆ ಬಂದವಳು ಮಾಸ್ತರರ ಮನೆಗೂ ಬಂದಳು. ಹೊಸ್ತಿಲು ದಾಟುವಾಗ ಬಿಲ್ಲೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಮಾಸ್ತರರು ಮೇಜಿನ ಮೇಲೆ ಬಿಳಿ ವಸ್ತ್ರ ಹಾಸಿ, "ನೀವ ಬಿಚ್ಚಿ ನೀವ ಇಡ್ರಿ ತಂಗಿ, ನಾ ಮುಟ್ಟೂದಿಲ್ಲ," ಎಂದರು. ಆ ಮಾತಿಗೆ ಅವಳು ದಾರ ಬಿಚ್ಚಿದಳು.

ಅವರಲ್ಲಿ ಅಕ್ಕಸಾಲಿಗರ ಸಣ್ಣ ತಕ್ಕಡಿಯಿತ್ತು. ನೀಲವ್ವನೇ ಇಟ್ಟಳು. ಏಳು ಗ್ರಾಂ, ಮೇಲೆ ಕೂದಲಷ್ಟು. ಬ್ರಿಟಿಷರ ಬಂಗಾರದ ನಾಣ್ಯ, ಪವನು, ಎಂಟರ ಹತ್ತಿರ ತೂಗಬೇಕು, ವಿಕ್ಟೋರಿಯಾ ಅಲ್ಲವೇ ಅಲ್ಲ ಎಂದರು. ಹೆಸರು ಕೇಳಿ ಈರಣ್ಣ ಬೆಚ್ಚಿದ. ಅಂಥದೊಂದು ಅನುಮಾನ ನನಗೆ ಇತ್ತೆಂಬುದು ಅವನಿಗೆ ಗೊತ್ತಿರಲಿಲ್ಲ. ಮಾಸ್ತರರು ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ನೋಡಿದರು. ನಕಲಿಯವರಂತೆ ಅಚ್ಚಿಗೆ ಸುರಿದು ಮಾಡಿದ್ದರೆ ಅಂಚಿನಲ್ಲಿ ಬೆಸೆದ ಗೆರೆ ಕಾಣಬೇಕು, ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳಿರಬೇಕು, ಎರಡೂ ಇರಲಿಲ್ಲ. ಅಕ್ಷರದ ಬುಡದಲ್ಲಿ ಬಂಗಾರ ಹೊರಕ್ಕೆ ಹರಿದಂತಿತ್ತು. ಅದು ಸುತ್ತಿಗೆಯ ಏಟಿನ ಗುರುತು ಎಂದರು. ಆಮೇಲೆ ನನ್ನನ್ನು ಕರೆದು ಸವೆದ ಅಕ್ಷರಗಳ ಮೇಲೆ ಟಾರ್ಚನ್ನು ಅಡ್ಡ ಹಿಡಿಯಲು ಹೇಳಿದರು. ಬೆಳಕು ಮಲಗಿದಂತೆ ಬಿದ್ದಾಗ ಇಲ್ಲವೆಂದುಕೊಂಡಿದ್ದ ಅಕ್ಷರಗಳು ನೆರಳಾಗಿ ಎದ್ದವು. ಐ, ಎನ್, ಎ.

"ಅವರಲ್ಲಿ ಯು ಇರಲಿಲ್ಲ ಬೇಟಾ, ವಿ ಬರದು ಯು ಓದತಿದ್ರು. ಈಗ ಓದು."

ಓದಿದೆ. ದಿವಾ ಫೌಸ್ಟಿನಾ. ರೋಮಿನ ಚಕ್ರವರ್ತಿಯ ಹೆಂಡತಿ. ಹದಿನೆಂಟು ನೂರು ವರ್ಷಕ್ಕೂ ಹಳೆಯದು. ಹಡಗಿನಲ್ಲಿ ಪಡುವಣ ಕರಾವಳಿಗೆ ಇಳಿದು, ಘಟ್ಟ ಹತ್ತಿ, ಯಾರ ಯಾರ ಕೈ ದಾಟಿ ಇಲ್ಲಿಗೆ ಬಂತೋ. ಮುಖಕ್ಕೆ ತಾಗದ ಹಾಗೆ ತೂತು ಕೊರೆದವನು ನಮ್ಮ ಕಡೆಯ ಅಕ್ಕಸಾಲಿಗನೇ ಇರಬೇಕೆಂದು ಮಾಸ್ತರರು ಹೇಳಿದರು. ನಾಣ್ಯದ ಹಿಂಬದಿಯಲ್ಲಿ ನಿಂತ ದೇವತೆ ದಾರದಲ್ಲಿ ತಲೆಕೆಳಗಾಗಿ ತೂಗುತ್ತಿದ್ದಳು. ಅವರ ಟಂಕಸಾಲೆಯಲ್ಲಿ ಮೇಲಿನ ಅಚ್ಚು ಕೆಳಗಿನ ಅಚ್ಚಿಗೆ ಬುಡಮೇಲಾಗಿ ಬೀಳುವುದು ಸಾಮಾನ್ಯವಂತೆ; ಅದೂ ಒಂದು ಸಾಕ್ಷಿಯಾಯಿತು.

ಈರಣ್ಣ, "ಹಂಗಾದ್ರ ನಮ್ಮ ಹಿರ್ಯಾರು ಸುಳ್ಳು ಹೇಳ್ಯಾರೇನ್ರಿ?" ಎಂದ.

ಮುಖ ರಾಣಿಯದಲ್ಲ ಅಷ್ಟೇ, ಕೊಟ್ಟವಳು ರಾಣಿ ಅಲ್ಲವೆಂದು ಯಾರೂ ಹೇಳಲಾಗುವುದಿಲ್ಲ ಎಂದೆ. ಅದು ನಿಜವೇ. ಆದರೆ ಪ್ರಮಾಣಪತ್ರ ಬರೆಯಲು ಆ ನಿಜ ಸಾಲದು, ಅದು ಅವನಿಗೆ ತಿಳಿಯಿತು. ನೀಲವ್ವ ಮಾತ್ರ ನಾಣ್ಯದ ಕಡೆಗೇ ಬಾಗಿದ್ದಳು. ಇವಳು ಯಾರು, ಏನು ಮಾಡಿದಳು ಎಂದು ಕೇಳಿದಳು. ಅವಳು ತೀರಿಕೊಂಡ ಮೇಲೆ ಗಂಡ ಅವಳನ್ನು ದೇವಿಯೆಂದು ಸಾರಿ, ಅವಳ ಹೆಸರಿನಲ್ಲಿ ಗುಡಿ ಕಟ್ಟಿಸಿ, ನಾಣ್ಯ ಹೊಡೆಸಿದ ಎಂದು ಹೇಳಿದೆ.

"ಸತ್ತ ಮ್ಯಾಲೇನು?" ಎಂದಳು ನೀಲವ್ವ. "ಇದ್ದಾಗ ಏನ್ ಮಾಡಿದ್ನಂತ?"

ಮಾಸ್ತರರು ನಕ್ಕರು. ನಾನೂ ನಕ್ಕೆ. ಹಿಂಬದಿಯವಳು ಪೀಕಿನ, ಬೆಳೆಯ ದೇವತೆ ಎಂದಾಗ, ನಮ್ಮ ಹಾಗೆ ಒಕ್ಕಲಗಿತ್ತಿ ಅನ್ನಿ ಎಂದು ನೀಲವ್ವ ದಾರ ಕಟ್ಟಿಕೊಂಡಳು. ಅವಳಿಗೆ ಏನೂ ಕಳೆದುಹೋದಂತೆ ಕಾಣಲಿಲ್ಲ. ಅವರು ಹೊರಟ ಮೇಲೆ ಮಾಸ್ತರರು ನನ್ನನ್ನು ನಿಲ್ಲಿಸಿಕೊಂಡರು. ಇದನ್ನು ಬರೆಯುವುದಿದ್ದರೆ ನಿಧಾನಕ್ಕೆ, ಆ ಮನೆಯವರನ್ನು ಕೇಳಿ, ಕಾಯ್ದೆ ಏನು ಹೇಳುತ್ತದೆಂದು ತಿಳಿದವರನ್ನು ಕೇಳಿ ಬರಿ. ಸುದ್ದಿ ಹೊರಬಿದ್ದರೆ ಇದು ಅತ್ತೆ ಕೊಟ್ಟದ್ದೋ ನೆಲದಲ್ಲಿ ಸಿಕ್ಕಿದ್ದೋ ಎಂದು ಯಾರೂ ವಿಚಾರಿಸುವುದಿಲ್ಲ, ನಿಧಿ ಎಂದೇ ಹೇಳುತ್ತಾರೆ, ಮೊದಲೇ ಅದು ಹಾಳು ಗುಡಿಗಳ ಊರು ಎಂದರು. ಆಯಿತು ಸರ್ ಎಂದೆ.

ಹನ್ನೆರಡು ದಿನ ತಡೆದೆ. ಆ ಹನ್ನೆರಡು ದಿನವೂ ಜಿಟಿಜಿಟಿ ಮಳೆ. ಬೈಲಹೊಂಗಲದ ಎರೆಮಣ್ಣು ಚಪ್ಪಲಿಗೆ ಮೆತ್ತಿ, ಕಾಲೇಜಿನ ಮೆಟ್ಟಿಲ ಮೇಲೆ ದಿನವೂ ಕೆರೆದು ಹಾಕುವುದು. ಕೂತರೆ ಏಳಬೇಕೆನಿಸುವುದು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಗೊತ್ತಿರುವುದನ್ನು ಯಾರಿಗೂ ಹೇಳದೆ ಇರುವುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ಹದಿಮೂರನೆಯ ದಿನ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ಗುಮಾಸ್ತರು ಎರಡು ಸಲ ಓದಿ ನೋಡಿದರು. ತಿಂಗಳ ಕೊನೆಯವರೆಗೆ ಬನ್ನಿ, ಮುಂದೆ ನೋಡೋಣ ಎಂದರು ಪ್ರಾಚಾರ್ಯರು, ಒಳ್ಳೆಯ ಮಾತಿನಲ್ಲೇ.

ಖಾಲಿ ತರಗತಿಯಲ್ಲಿ ಕೂತು ಮೊಬೈಲ್ ತೆಗೆದೆ. ನಾಣ್ಯಾಸಕ್ತರ ಒಂದು ವಾಟ್ಸಾಪ್ ಗುಂಪಿನಲ್ಲಿದ್ದೆ. ಇನ್ನೂರು ಜನ, ಹೆಚ್ಚಿನವರನ್ನು ನೋಡಿಯೇ ಇರಲಿಲ್ಲ. ಎರಡೂ ಫೋಟೋ ಹಾಕಿ, ಹೂಲಿಯ ಒಂದು ಮನೆಯಲ್ಲಿ ನಾನು ಗುರುತಿಸಿದ ರೋಮನ್ ಚಿನ್ನದ ನಾಣ್ಯ ಎಂದು ಬರೆದೆ. ಊರಿನ ಹೆಸರು ಯಾಕೆ ಬರೆದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾನು ಗುರುತಿಸಿದ ಎಂಬ ಎರಡು ಪದಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದೆ, ಅಷ್ಟೇ. ಸಂಜೆಯವರೆಗೆ ಅಭಿನಂದನೆಗಳು ಬರುತ್ತಲೇ ಇದ್ದವು. ಅಷ್ಟು ದಿನದಲ್ಲಿ ಅಂದು ಮಾತ್ರ ಹೊಟ್ಟೆ ತುಂಬ ಉಂಡೆ.

ನಾಲ್ಕು ದಿನಕ್ಕೆ ಹೂಲಿಗೆ ಕಾರೊಂದು ಬಂತು. ಅವರು ಮಾರುತ್ತೀರೇನು ಎಂದು ಕೇಳಿ ಹೋದರು. ಮರುದಿನ ಇನ್ನಿಬ್ಬರು, ಸರಕಾರದವರು ಎಂದರು, ಗುರುತಿನ ಚೀಟಿ ಕೇಳಿದರೆ ತೋರಿಸಲಿಲ್ಲ. ವಾರದೊಳಗೆ ಊರಲ್ಲಿ ಮಾತು ಹುಟ್ಟಿತು: ಈರಣ್ಣನ ಮನೆಯವರಿಗೆ ಗುಡಿಯ ಹಿಂದೆ ನಿಧಿ ಸಿಕ್ಕಿದೆ, ಹಂಡೆ ತುಂಬ ಇದೆ, ಒಂದು ಮಾತ್ರ ಹೊರಗೆ ತೆಗೆದಿದ್ದಾರೆ. ಒಂದು ಬೆಳಿಗ್ಗೆ ನೋಡಿದರೆ ಅವರ ಹೊಲದ ಬದುವಿಗೆ ಮೂರು ಕಡೆ ಆಳುದ್ದ ಅಗೆದಿದ್ದರು. ಕೀಳಲು ಬಂದಿದ್ದ ಹೆಸರು ಮಣ್ಣಿನಡಿ ಬಿದ್ದಿತ್ತು. ಅಂಗಡಿಯಲ್ಲಿ ಕೂತವರು ಈರಣ್ಣ ಬಂದರೆ ಮಾತು ನಿಲ್ಲಿಸುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಅವನೇ ಕಾಲೇಜಿನ ಗೇಟಿಗೆ ಬಂದು ಹೇಳಿದಾಗ. ಬಯ್ಯಲಿಲ್ಲ. ಮೊಬೈಲಿನಲ್ಲಿ ನನ್ನ ಫೋಟೋವನ್ನೇ ತೋರಿಸಿದ. ಅದು ಯಾರ ಯಾರದೋ ಕೈ ದಾಟಿ ಮಾರುಕಟ್ಟೆಯಲ್ಲಿ ಅವನು ಕಾಳು ಮಾರುವ ಅಡತಿ ಅಂಗಡಿಯವರೆಗೆ ಬಂದಿತ್ತು.

"ನಮ್ಮವ್ವ ನಿಮಗ ಏನ್ ಹೇಳಿದ್ಳು ಮೇಡಂ?" ಎಂದಷ್ಟೇ ಕೇಳಿದ.

ಗುಂಪಿನಿಂದ ಫೋಟೋ ಅಳಿಸಿದೆ. ಅಳಿಸಿದ್ದರಿಂದ ಏನೂ ಆಗಲಿಲ್ಲ. ಹೂಲಿಗೆ ಹೋಗಬೇಕೆಂದು ಮೂರು ಸಲ ಬಸ್ ನಿಲ್ದಾಣಕ್ಕೆ ಹೋಗಿ ತಿರುಗಿ ಬಂದೆ. ಮುಲ್ಲಾ ಮಾಸ್ತರರಿಗೆ ಫೋನ್ ಮಾಡಿದಾಗ ಅವರು ಕೇಳಿಸಿಕೊಂಡು, ಹೋಗಿ ಅವಳ ಎದುರಿಗೆ ನಿಲ್ಲು, ಇದು ಫೋನಿನಲ್ಲಿ ಮುಗಿಯುವುದಲ್ಲ ಎಂದರು. ತಿಂಗಳು ಮುಗಿದು ಕಾಲೇಜು ಬಿಟ್ಟಾಗಿತ್ತು. ಕೋಣೆ ಖಾಲಿ ಮಾಡಿ, ಟ್ರಂಕನ್ನು ಅಣ್ಣನ ಜೊತೆ ರಾಮದುರ್ಗಕ್ಕೆ ಕಳಿಸಿ, ಮಹಾನವಮಿಯ ಮುಂಚೆ ಒಂದು ಮಧ್ಯಾಹ್ನ ಹೂಲಿಯಲ್ಲಿ ಇಳಿದೆ.

ಮಳೆ ಹಿಂದಾಗಿ ಬಿಸಿಲು ಚುರುಗುಟ್ಟುತ್ತಿತ್ತು. ಈರಣ್ಣ ನನ್ನನ್ನು ನೋಡಿ ಎದ್ದು ಒಳಗೆ ಹೋದ. ನೀಲವ್ವ ಪಡಸಾಲೆಯಲ್ಲಿ ಹಿಂಗಾರಿಗೆ ಜೋಳದ ಬೀಜ ಹಸನು ಮಾಡುತ್ತಿದ್ದಳು. ನಾನು ನಿಂತೇ ಇದ್ದೆ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ತಪ್ಪಾತ್ರಿ ಎಂದೆ. ಕುಂಡ್ರಿ ಅಕ್ಕೋರ ಎಂದಳು. ಅವಳ ಕೊರಳಲ್ಲಿ ಕರಿ ದಾರ ಇರಲಿಲ್ಲ.

ಸೊಸೆ ಚಹಾ ತಂದು ನನ್ನ ಮುಂದಿಟ್ಟಳು. ಅವಳ ಗಾಜಿನ ಬಳೆಗಳ ನಡುವೆ ತೆಳ್ಳಗಿನ ಬಂಗಾರದ ಬಳೆಯೊಂದು ಹೊಸದಾಗಿ ಹೊಳೆಯುತ್ತಿತ್ತು. ನೀಲವ್ವ ಅದನ್ನು ಬೆರಳಿನಿಂದ ತೋರಿಸಿದಳು.

"ಅದರಾಗ ಅದಾಳ ನೋಡ್ರಿ ನಿಮ್ಮಾಕಿ. ಸ್ವಸಿಗೆ ಹೋಗೂದ ಇತ್ತು, ಹೋತು."

ಬೈಲಹೊಂಗಲದಲ್ಲಿ ಅಕ್ಕಸಾಲಿಗ ಪತ್ತಾರನ ಎದುರಿಗೆ ತಾನೇ ಕೂತು ಕರಗಿಸಿದ್ದಾಗಿ ಹೇಳಿದಳು. ಹಳೆಯದೊಂದು ಉಂಗುರವನ್ನೂ ಕೂಡಿಸಿದ್ದಳು. ಪತ್ತಾರನಿಗೆ ಮನಸ್ಸಿರಲಿಲ್ಲವಂತೆ, ಎರಡು ಸಲ ಕೇಳಿದನಂತೆ. ಮೂಸೆಯಲ್ಲಿಟ್ಟಾಗ ನಾಣ್ಯದವಳು ಬಹಳ ಹೊತ್ತು ಹಾಗೇ ಇದ್ದಳು, ಕೆಂಪಗಾದಳು, ಏನೂ ಆಗುವುದಿಲ್ಲವೇನೋ ಅನ್ನಿಸಿತು, ಆಮೇಲೆ ಕಣ್ಣು ಪಿಳುಕಿಸುವುದರೊಳಗೆ ಹೋದಳು ಎಂದು ಹೇಳುತ್ತ ನೀಲವ್ವ ಮೊರದಲ್ಲಿ ಜೋಳವನ್ನು ಅತ್ತಿಂದಿತ್ತ ಆಡಿಸುತ್ತಲೇ ಇದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಅಳುವ ಹಕ್ಕು ನನಗಿಲ್ಲವೆನಿಸಿ ಚಹಾ ಕುಡಿದೆ, ಬಾಯಿ ಸುಟ್ಟಿತು.

ನೀಲವ್ವ ಮೊರ ಕೆಳಗಿಟ್ಟಳು.

"ಈಗ ಬರೀರಿ. ಈಗ ಯಾರೂ ಕೇಳಾಕ ಬರೂದಿಲ್ಲ."

ಬರೆಯಲು ನನಗೆ ಹತ್ತು ತಿಂಗಳು ಬೇಕಾಯಿತು. ರಾಮದುರ್ಗದಲ್ಲಿ ಒಂದು ಖಾಸಗಿ ಶಾಲೆಗೆ ಸೇರಿದ್ದೆ. ಫೋಟೋ ತೆರೆದರೆ ಮುಚ್ಚುವುದು, ಮತ್ತೆ ತೆರೆಯುವುದು. ಜಗತ್ತಿನಲ್ಲಿ ಆ ನಾಣ್ಯಕ್ಕೆ ಉಳಿದದ್ದು ಅವೆರಡೇ ಚಿತ್ರ, ಮಾಸ್ತರರು ಚೀಟಿಯಲ್ಲಿ ಗುರುತು ಹಾಕಿಟ್ಟ ತೂಕ, ಅಂಚಿನ ವಿವರ. ನಾಲ್ಕು ಪುಟದ ಲೇಖನವಾಯಿತು, ಸಣ್ಣದೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅದರಿಂದ ನನಗೆ ನೌಕರಿಯೇನೂ ಸಿಗಲಿಲ್ಲ. ಪ್ರತಿ ಕೈಗೆ ಬಂದಾಗ ಮತ್ತೆ ಶ್ರಾವಣ ಬಂದಿತ್ತು. ತೆಗೆದುಕೊಂಡು ಹೂಲಿಗೆ ಹೋದೆ.

ಅಂದೂ ಅಂಗಳದಲ್ಲಿ ಹೆಸರುಕಾಯಿ. ಈರಣ್ಣ ಈ ಸಲ ಒಳಗೆ ಹೋಗಲಿಲ್ಲ, ಕಂಬಕ್ಕೆ ಒರಗಿ ನಿಂತ. ನೀಲವ್ವ ಓದಲು ಹೇಳಿದಳು. ಲೇಖನದ ಕನ್ನಡವನ್ನು ಅವಳಿಗೆ ತಿಳಿಯುವ ಕನ್ನಡ ಮಾಡುತ್ತ ಕೊನೆಯವರೆಗೂ ಓದಿದೆ. ಅವಳು ಪುಟ ಇಸಿದುಕೊಂಡು ಚಿತ್ರದ ಮೇಲೆ ಬೆರಳಾಡಿಸಿದಳು.

"ಇಕಿ ಹೆಸರು ಎಲ್ಲೈತಿ?"

ತೋರಿಸಿದೆ. ಇವಳ ಗಂಡನದು ಕೇಳಿದಳು, ತೋರಿಸಿದೆ. ಮುಲ್ಲಾ ಮಾಸ್ತರರದು ಕೊನೆಯ ಸಾಲಿನಲ್ಲಿತ್ತು, ನನ್ನದು ಮೇಲೆ.

"ನಂದು?"

ಸವದತ್ತಿ ತಾಲ್ಲೂಕಿನ ಒಂದು ಗ್ರಾಮದ ಒಕ್ಕಲು ಮನೆತನವೊಂದರಲ್ಲಿ ಎಂದು ಬರೆದಿದ್ದೆ. ಮತ್ತೆ ನಿಮಗೆ ತ್ರಾಸಾಗಬಾರದೆಂದು ಹೆಸರು ಹಾಕಲಿಲ್ಲ, ಊರನ್ನೂ ಹೇಳಿಲ್ಲ ಎಂದೆ. ಅದನ್ನು ಹೇಳುವಾಗ ನನಗೆ ಸ್ವಲ್ಪ ಸಮಾಧಾನವೂ ಇತ್ತು. ಈ ಸಲವಾದರೂ ಸರಿಯಾಗಿ ನಡೆದುಕೊಂಡೆ ಎಂದು.

"ಇದ್ದಾಗ ಹಾಕಬಾರದಿತ್ತು ಅಕ್ಕೋರ," ಎಂದಳು ನೀಲವ್ವ. "ಕರಗಿದ ಮ್ಯಾಲ ಯಾತರ ಅಂಜಿಕಿ? ಐದು ಮಂದಿ ಕೊಳ್ಳಾಗ ಇಟಗೊಂಡು ಕಾದೇವಿ."

ಪೆನ್ನು ತೆಗೆದೆ. ಚಿತ್ರದ ಕೆಳಗಿನ ಖಾಲಿ ಜಾಗದಲ್ಲಿ ಅವಳು ಹೇಳಿದಂತೆ ಬರೆದುಕೊಂಡೆ: ನೀಲವ್ವ. ಅವಳ ಅತ್ತೆ ಬಸಲಿಂಗವ್ವ. ಅವಳ ಅತ್ತೆ ಗಿರಿಜವ್ವ. ಅವಳ ಅತ್ತೆ ದೊಡ್ಡ ನಾಗವ್ವ. ಐದನೆಯದಕ್ಕೆ ಬಂದು ನೀಲವ್ವ ನಿಂತಳು. ಮಗನ ಕಡೆ ನೋಡಿದಳು. ಕಾಗದ ಮುಟ್ಟಿಸಿದ ಹಿರಿಯನ ಹೆಸರು ಅವನಿಗೆ ಗೊತ್ತಿತ್ತು, ಅವನ ಹೆಂಡತಿಯದು ಗೊತ್ತಿರಲಿಲ್ಲ. ಅತ್ತೆ ಹೇಳಿದ್ದಳು, ಸಣ್ಣ ಹೆಸರು, ನಾಲಿಗೆಯ ಮೇಲೇ ಇದೆ ಎಂದು ನೀಲವ್ವ ಕಣ್ಣು ಮುಚ್ಚಿ ಕೂತಳು. ಮೋಡ ಕವಿಯಿತು. ಈರಣ್ಣ ತಾಡಪತ್ರಿಯ ತುದಿ ಹಿಡಿದು ಕಾದ. ಒಂದೆರಡು ಹನಿ ಕಾಯಿಯ ಮೇಲೆ ಬಿದ್ದಮೇಲೆ ಅವಳು ಕಣ್ಣು ಬಿಟ್ಟಳು.

"ಆಕೀಗೊಂದು ಜಾಗಾ ಬಿಡ್ರಿ ಅಕ್ಕೋರ," ಎಂದಳು.

ಬಿಟ್ಟೆ.